ಡಿಸ್ಕ್ ಹೋಯ್ತು, ರೇಟ್ ಯಾಕೆ ಹಾಗೇ ಉಳೀತು?

ಭಾಗ 1/10: ಒಂದೇ ಮಷೀನ್, ಎರಡು ರೇಟ್

ಮೊದಲ ಫೋಟೋ ಸರಿಯಾಗಿ ನೋಡಿ ಗೆಳೆಯರೇ. ಎರಡು ಪಿಎಸ್5 ಪಕ್ಕಪಕ್ಕ ನಿಂತಿವೆ. ಒಂದರ ಹೊಟ್ಟೆ ಸ್ವಲ್ಪ ಉಬ್ಬಿದೆ, ಇನ್ನೊಂದು ತೆಳ್ಳಗಿದೆ. ಉಬ್ಬಿರೋದರಲ್ಲಿ ಡಿಸ್ಕ್ ಹಾಕೋ ಜಾಗ ಇದೆ, ತೆಳ್ಳಗಿನದರಲ್ಲಿ ಇಲ್ಲ. ಆಟ ಓಡಿಸೋ ಚಿಪ್ಪು, ವೇಗ, ಚಿತ್ರದ ಗುಣಮಟ್ಟ ಎಲ್ಲಾ ಎರಡರಲ್ಲೂ ಒಂದೇ. 2021ರ ಫೆಬ್ರವರಿ 2ರಂದು ಪಿಎಸ್5 ಭಾರತಕ್ಕೆ ಬಂದಾಗ ಡಿಸ್ಕ್ ಇರೋ ಮಾದರಿಗೆ ₹49,990, ಇಲ್ಲದ ಡಿಜಿಟಲ್ ಮಾದರಿಗೆ ₹39,990 ಅಂತ ಬೆಲೆ ಘೋಷಿಸಿದ್ದರು.

ಹತ್ತು ಸಾವಿರ ಉಳೀತು ಅಂತ ಯಾರಿಗಾದರೂ ಖುಷಿ ಆಗೇ ಆಗುತ್ತೆ. ಆದರೆ ಮುಂದಿನ ಲೆಕ್ಕ ನೋಡಿ. ಆ ಹೊತ್ತಿಗೆ ಸೋನಿಯ ದೊಡ್ಡ ಆಟಗಳ ರೇಟ್ ₹4,999. ಡಿಸ್ಕ್ ತಗೊಂಡ್ರೂ ಅಷ್ಟೇ, ಡೌನ್‌ಲೋಡ್ ಮಾಡಿದ್ರೂ ಅಷ್ಟೇ. ಡಿಸ್ಕ್ ಒತ್ತಬೇಕು, ಡಬ್ಬಿ ಮಾಡಬೇಕು, ಹಡಗಿಗೆ ಹಾಕಬೇಕು, ಲಾರಿಗೆ ತುಂಬಬೇಕು, ಅಂಗಡಿಯವರಿಗೆ ಲಾಭ ಬಿಡಬೇಕು. ಡೌನ್‌ಲೋಡ್‌ಗೆ ಇದ್ಯಾವುದೂ ಬೇಡ. ಆದ್ರೂ ರೇಟ್ ಒಂದೇ!

ಡಿಸ್ಕ್ ತಗೊಂಡವರು ಆಡಿ ಮುಗಿಸಿದ ಮೇಲೆ ಸ್ನೇಹಿತನಿಗೆ ಕೊಡಬಹುದು, ಸೆಕೆಂಡ್ ಹ್ಯಾಂಡ್ ಮಾರಬಹುದು, ಕಪಾಟಿನಲ್ಲಿ ಇಟ್ಟುಕೊಳ್ಳಬಹುದು. ಡೌನ್‌ಲೋಡ್ ಮಾಡಿದವರಿಗೆ ಇದರಲ್ಲಿ ಒಂದೂ ಇಲ್ಲ. ಅಂದ್ರೆ ಒಂದೇ ದುಡ್ಡಿಗೆ ಎರಡು ಬೇರೆ ಬೇರೆ ಸಾಮಾನು ಮಾರ್ತಿದ್ದಾರೆ, ಹೆಸರು ಮಾತ್ರ ಒಂದೇ ಇಟ್ಟಿದ್ದಾರೆ.

ಇದು ಒಂದೇ ದಿನದಲ್ಲಿ ಆದದ್ದಲ್ಲ. ಇದರ ಹಿಂದೆ ಸುಮಾರು ನಲವತ್ತು ವರ್ಷಗಳ ಕತೆ ಇದೆ. ಈ ಸರಣಿಯಲ್ಲಿ ಆ ಕತೆ ಹೇಳ್ತೀನಿ. ಸ್ವೈಪ್ ಮಾಡ್ತಾ ಬನ್ನಿ.

ಭಾಗ 2/10: ಚಿಪ್ಪಿನ ಕಾಲ

ನಿಮ್ಮ ಮನೆಯಲ್ಲಿ ದೊಡ್ಡ ಅಣ್ಣನೋ ಚಿಕ್ಕಪ್ಪನೋ ಇದ್ದರೆ ಕೇಳಿ ನೋಡಿ. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಗಿಸಿ ಆಡ್ತಿದ್ದ ವಿಡಿಯೋ ಗೇಮ್, ಅದರ ಜೊತೆ ಬರ್ತಿದ್ದ ‘ಕ್ಯಾಸೆಟ್’ ಅವರಿಗೆ ಚೆನ್ನಾಗಿ ನೆನಪಿರುತ್ತೆ. ಅವುಗಳಲ್ಲಿ ಬಹುಪಾಲು ಜಪಾನಿನ ನಿಂಟೆಂಡೊ ಯಂತ್ರದ ನಕಲು. ನಾವು ಕ್ಯಾಸೆಟ್ ಅಂದ್ರೂ ಅದರೊಳಗೆ ಟೇಪ್ ಇರ್ತಿರಲಿಲ್ಲ. ಇದ್ದದ್ದು ಒಂದು ಚಿಪ್ಪು. ಅದರ ಸರಿಯಾದ ಹೆಸರು ಕಾರ್ಟ್ರಿಜ್.

ಆ ಕಾಲದಲ್ಲಿ ಆಟ ಅಂದ್ರೆ ನಿಜವಾಗಿ ಒಂದು ವಸ್ತು. ಆಟ ದೊಡ್ಡದಾದಷ್ಟೂ ಚಿಪ್ಪಿನಲ್ಲಿ ಜಾಸ್ತಿ ಮೆಮೊರಿ ಬೇಕು, ಮೆಮೊರಿ ಜಾಸ್ತಿಯಾದಷ್ಟೂ ಬೆಲೆ ಜಾಸ್ತಿ. ಅಮೆರಿಕದಲ್ಲಿ ತೊಂಬತ್ತರ ದಶಕದ ಕೆಲವು ದೊಡ್ಡ ಕಾರ್ಟ್ರಿಜ್ ಆಟಗಳು 70, 80 ಡಾಲರ್‌ಗೆ ಮಾರಾಟವಾಗುತ್ತಿದ್ದವು.

ಕಾರ್ಟ್ರಿಜ್ ಮಾಡೋ ಹಕ್ಕನ್ನು ನಿಂಟೆಂಡೊ ಬಿಗಿಯಾಗಿ ಹಿಡಿದುಕೊಂಡಿತ್ತು. ಅಮೆರಿಕದಲ್ಲಿ ಬೇರೆ ಕಂಪನಿ ಆಟ ಬರೆದರೂ ಕಾರ್ಟ್ರಿಜ್‌ಗಳನ್ನು ನಿಂಟೆಂಡೊ ಕೈಯಲ್ಲೇ ಮಾಡಿಸಬೇಕು, ಇಷ್ಟು ಸಾವಿರ ಅಂತ ಮೊದಲೇ ಆರ್ಡರ್ ಕೊಡಬೇಕು, ದುಡ್ಡೂ ಮೊದಲೇ ಕಟ್ಟಬೇಕು. ವರ್ಷಕ್ಕೆ ಐದೇ ಆಟ ಅನ್ನೋ ಮಿತಿಯೂ ಇತ್ತು. ಮಾರಾಟವಾಗದೆ ಉಳಿದರೆ ನಷ್ಟ ಆಟ ಮಾಡಿದವರ ತಲೆ ಮೇಲೆ.

ಉಳಿದರೆ ಏನಾಗುತ್ತೆ ಅನ್ನೋದಕ್ಕೆ ಅಟಾರಿ ಕಂಪನಿಯ ಕತೆಯೇ ಸಾಕ್ಷಿ. 1983ರಲ್ಲಿ ಅಮೆರಿಕದ ಗೇಮ್ ಮಾರುಕಟ್ಟೆ ಕುಸಿದಾಗ, ಮಾರಾಟವಾಗದ ಕಾರ್ಟ್ರಿಜ್‌ಗಳನ್ನು ನ್ಯೂ ಮೆಕ್ಸಿಕೊ ರಾಜ್ಯದ ಅಲಮೊಗಾರ್ಡೊ ಊರಿನ ಕಸದ ಗುಂಡಿಗೆ ಹಾಕಿ ಮುಚ್ಚಿಬಿಟ್ಟರು. ಬಹಳ ವರ್ಷ ಇದನ್ನು ಕಟ್ಟುಕತೆ ಅಂದವರೂ ಇದ್ದರು. 2014ರ ಏಪ್ರಿಲ್‌ನಲ್ಲಿ ಅಗೆದು ನೋಡಿದರೆ ‘ಇ.ಟಿ.’ ಆಟದ ಕಾರ್ಟ್ರಿಜ್‌ಗಳು ನಿಜಕ್ಕೂ ಮಣ್ಣಿನಲ್ಲಿದ್ದವು!

ಒಂದು ಮಾತು ನೆನಪಿಟ್ಟುಕೊಳ್ಳಿ. ಆಗಿನ ಬೆಲೆಯ ದೊಡ್ಡ ಪಾಲು ವಸ್ತುವಿನದ್ದು. ಚಿಪ್ಪು, ಕಾರ್ಖಾನೆ, ಸಾಗಣೆ, ಅಂಗಡಿ, ಉಳಿದುಹೋಗೋ ಭಯ, ಎಲ್ಲಾ ಸೇರಿ ಆ ರೇಟ್.

ಭಾಗ 3/10: ಡೌನ್‌ಲೋಡ್‌ಗೆ ಮುಂಚಿನ ಡೌನ್‌ಲೋಡ್

ಡೌನ್‌ಲೋಡ್ ಅನ್ನೋದು ನಮ್ಮ ಕಾಲದ ವಿಷಯ ಅಂದ್ಕೊಂಡಿದ್ದೀರಾ? ಅಲ್ಲ. 1983ರಲ್ಲೇ ಅಮೆರಿಕದಲ್ಲಿ ‘ಗೇಮ್‌ಲೈನ್’ ಅನ್ನೋ ಸೇವೆ ಇತ್ತು. ಅಟಾರಿ ಯಂತ್ರಕ್ಕೆ ಒಂದು ವಿಶೇಷ ಕಾರ್ಟ್ರಿಜ್ ಸಿಗಿಸಿ, ಅದಕ್ಕೆ ಮನೆಯ ಟೆಲಿಫೋನ್ ತಂತಿ ಜೋಡಿಸಿದರೆ ಆಟ ಇಳಿದು ಬರುತ್ತಿತ್ತು. ಕೊಟ್ಟ ದುಡ್ಡಿಗೆ ಕೆಲವೇ ಸಲ ಆಡಬಹುದು, ಆಮೇಲೆ ಮತ್ತೆ ದುಡ್ಡು. ಸೇವೆ ಬೇಗ ಮುಚ್ಚಿಹೋಯಿತು. ಆದರೆ ಅಲ್ಲಿದ್ದ ಜನರೇ ಮುಂದೆ ಕಟ್ಟಿದ ಕಂಪನಿ ಎಓಎಲ್ ಅಂತ ಹೆಸರಾಯಿತು. ಅಮೆರಿಕದ ಲಕ್ಷಾಂತರ ಮನೆಗಳಿಗೆ ಇಂಟರ್ನೆಟ್ ಪರಿಚಯಿಸಿದ್ದು ಅದೇ.

ಇನ್ನೊಂದು ಕತೆ ಜಪಾನಿನದ್ದು, ನನಗೆ ತುಂಬಾ ಇಷ್ಟ. 1986ರ ಫೆಬ್ರವರಿಯಲ್ಲಿ ನಿಂಟೆಂಡೊ ತನ್ನ ಫ್ಯಾಮಿಕಾಮ್ ಯಂತ್ರಕ್ಕೆ ಡಿಸ್ಕ್ ಓದೋ ಪೆಟ್ಟಿಗೆಯೊಂದನ್ನು ತಂದಿತು. ‘ದ ಲೆಜೆಂಡ್ ಆಫ್ ಜೆಲ್ಡಾ’ ಮೊದಲು ಬಂದದ್ದು ಇದೇ ಡಿಸ್ಕ್‌ನಲ್ಲಿ. ಆಟಿಕೆ ಅಂಗಡಿಗಳಲ್ಲಿ ‘ಡಿಸ್ಕ್ ರೈಟರ್’ ಅನ್ನೋ ಯಂತ್ರ ಇಟ್ಟರು. ಹಳೇ ಆಟ ಬೇಜಾರಾಯ್ತಾ? ಡಿಸ್ಕ್ ತಗೊಂಡು ಅಂಗಡಿಗೆ ಹೋಗಿ, 500 ಯೆನ್ ಕೊಟ್ಟರೆ ಅದೇ ಡಿಸ್ಕ್ ಮೇಲೆ ಹೊಸ ಆಟ ಬರೆದುಕೊಡ್ತಾರೆ. ಆಗ ಒಂದು ಹೊಸ ಕಾರ್ಟ್ರಿಜ್‌ಗೆ ಸುಮಾರು 5,000 ಯೆನ್ ಇತ್ತು.

ಹತ್ತು ಪಟ್ಟು ವ್ಯತ್ಯಾಸ! ಹೊಸ ಚಿಪ್ಪು ಬೇಡ, ಹೊಸ ಡಬ್ಬಿ ಬೇಡ, ಹಾಗಾಗಿ ಬೆಲೆಯೂ ಇಳೀತು. ಡಿಸ್ಕ್ ಮಾತ್ರ ನಿಮ್ಮದೇ, ಅದನ್ನು ಗೆಳೆಯನಿಗೆ ಕೊಡಬಹುದು, ಮಾರಬಹುದು. ಈ ಬರೆದುಕೊಡೋ ಸೇವೆ 2003ರ ತನಕ ನಡೆಯಿತು.

ಅಂದ್ರೆ ಎಂಬತ್ತರ ದಶಕದಲ್ಲೇ ಎರಡು ದಾರಿ ಕಂಡಿತ್ತು. ಒಂದು ಗೇಮ್‌ಲೈನ್ ದಾರಿ: ದುಡ್ಡು ಕೊಡಿ, ಆಡಿ, ಕೊನೆಗೆ ಕೈ ಖಾಲಿ. ಇನ್ನೊಂದು ಡಿಸ್ಕ್ ರೈಟರ್ ದಾರಿ: ವಸ್ತುವಿನ ಖರ್ಚು ಉಳಿದರೆ ಕೊಳ್ಳೋರಿಗೂ ಉಳಿಯುತ್ತೆ. ಇವತ್ತು ನಾವು ಯಾವ ದಾರಿಯಲ್ಲಿದ್ದೀವಿ ಅಂತ ಯೋಚನೆ ಮಾಡ್ತಾ ಮುಂದೆ ಬನ್ನಿ.

ಭಾಗ 4/10: ಸಿಡಿ ಬಂತು, ರೇಟ್ ಇಳೀತು

1994ರ ಡಿಸೆಂಬರ್‌ನಲ್ಲಿ ಸೋನಿ ಜಪಾನಿನಲ್ಲಿ ಮೊದಲ ಪ್ಲೇಸ್ಟೇಷನ್ ಬಿಟ್ಟಿತು. ಅದರಲ್ಲಿ ಚಿಪ್ಪಿನ ಕಾರ್ಟ್ರಿಜ್ ಇಲ್ಲ, ಸಿಡಿ. ನಿಂಟೆಂಡೊ 1996ರಲ್ಲಿ ತಂದ ನಿಂಟೆಂಡೊ 64 ಮಾತ್ರ ಕಾರ್ಟ್ರಿಜ್‌ಗೇ ಅಂಟಿಕೊಂಡಿತು.

ಲೆಕ್ಕ ನೋಡಿ. ‘ಸೂಪರ್ ಮಾರಿಯೊ 64’ ಆಟದ ಕಾರ್ಟ್ರಿಜ್‌ನಲ್ಲಿ ಹಿಡಿಸಿದ್ದು 8 ಎಂಬಿ. ಒಂದು ಸಿಡಿಯಲ್ಲಿ ಸುಮಾರು 650 ಎಂಬಿ ಹಿಡಿಸುತ್ತೆ. ಸಿಡಿ ಒತ್ತೋಕೆ ಚಿಪ್ಪಿನ ಮುಂದೆ ಖರ್ಚೇ ಇಲ್ಲ ಅನ್ನಬಹುದು. ಖಾಲಿಯಾದರೆ ಬೇಗ ಇನ್ನಷ್ಟು ಒತ್ತಿಸಬಹುದು, ಹಾಗಾಗಿ ಉಳಿದುಹೋಗೋ ಭಯವೂ ಕಮ್ಮಿ. ಅಲ್ಲೀವರೆಗೆ ನಿಂಟೆಂಡೊ ಯಂತ್ರಗಳಿಗೇ ಬರುತ್ತಿದ್ದ ‘ಫೈನಲ್ ಫ್ಯಾಂಟಸಿ’ ಸರಣಿಯ ಏಳನೇ ಆಟ 1997ರಲ್ಲಿ ಪ್ಲೇಸ್ಟೇಷನ್‌ಗೆ ಬಂತು, ಒಂದಲ್ಲ, ಮೂರು ಸಿಡಿಗಳಲ್ಲಿ. ಅಷ್ಟು ದೊಡ್ಡ ಆಟವನ್ನು ಚಿಪ್ಪಿನಲ್ಲಿ ತುಂಬಿಸೋದು ಆಗದ ಮಾತಾಗಿತ್ತು.

ಇಲ್ಲಿ ಮುಖ್ಯವಾದದ್ದು ಬೆಲೆ. ಅಮೆರಿಕದಲ್ಲಿ ಪ್ಲೇಸ್ಟೇಷನ್ ಆಟಗಳು 40ರಿಂದ 50 ಡಾಲರ್ ಆಸುಪಾಸಿಗೆ ಬಂದವು. ಕಾರ್ಟ್ರಿಜ್ ಆಟಗಳು 60, 70ರಲ್ಲೇ ಇದ್ದವು. ತಯಾರಿಕೆಯ ಖರ್ಚು ಇಳಿದಾಗ ಕೊಳ್ಳೋರ ಕೈಗೂ ಒಂದು ಪಾಲು ಬಂತು.

ಯಾಕೆ ಬಂತು? ಸೋನಿ ದಾನಶೂರ ಕರ್ಣ ಅಂತ ಅಲ್ಲ. ಎದುರಿಗೆ ನಿಂಟೆಂಡೊ, ಸೆಗಾ ಇದ್ದವು. ಒಂದು ಬೀದಿಯಲ್ಲಿ ನಾಲ್ಕು ಅಂಗಡಿ ಇದ್ದವು, ಪ್ರತಿ ಅಂಗಡಿಯೂ ಎರಡು ಡಾಲರ್ ಕಮ್ಮಿ ಮಾಡಿ ಗಿರಾಕಿಯನ್ನು ಕರೆಯುತ್ತಿತ್ತು. ಪೈಪೋಟಿ ಇದ್ದ ಕಡೆ ಖರ್ಚು ಇಳಿದರೆ ರೇಟೂ ಇಳಿಯುತ್ತೆ. ಈ ಸೂತ್ರ ನೆನಪಿಡಿ, ಎಂಟನೇ ಭಾಗದಲ್ಲಿ ಬೇಕಾಗುತ್ತೆ.

ಭಾಗ 5/10: ಅವೆನ್ಯೂ ರೋಡ್ ನ್ಯಾಯ

ಬೆಂಗಳೂರಿನ ಅವೆನ್ಯೂ ರೋಡಿಗೆ ಹೋಗಿದ್ದೀರಾ? ಸೀನಿಯರ್‌ಗಳು ಮಾರಿದ ಪಠ್ಯಪುಸ್ತಕ ಅಲ್ಲಿ ಕಮ್ಮಿ ರೇಟಿಗೆ ಸಿಗುತ್ತೆ. ಓದಿ ಮುಗಿಸಿ ನೀವೂ ಮಾರಬಹುದು. ಪ್ರಕಾಶಕರು ಬಂದು ‘ನಮ್ಮ ಪುಸ್ತಕ ಯಾಕೆ ಮಾರ್ತೀರಾ’ ಅಂತ ಕೇಳಲ್ಲ. ಇದು ಎಷ್ಟು ಸಹಜ ಅಂದ್ರೆ ಇದೊಂದು ಹಕ್ಕು ಅಂತಲೇ ನಮಗೆ ಅನ್ನಿಸಲ್ಲ.

ಆದರೆ ಅಮೆರಿಕದಲ್ಲಿ ಇದೇ ವಿಷಯ ಸುಪ್ರೀಂ ಕೋರ್ಟ್ ತನಕ ಹೋಗಿತ್ತು. 1904ರಲ್ಲಿ ಬಾಬ್ಸ್-ಮೆರಿಲ್ ಅನ್ನೋ ಪ್ರಕಾಶನ ಸಂಸ್ಥೆ ‘ದ ಕಾಸ್ಟವೇ’ ಅನ್ನೋ ಕಾದಂಬರಿ ತಂದಿತು. ಒಳಗೆ ಒಂದು ಸೂಚನೆ ಅಚ್ಚು ಹಾಕಿಸಿದ್ದರು: ಬೆಲೆ ಒಂದು ಡಾಲರ್, ಅದಕ್ಕಿಂತ ಕಮ್ಮಿಗೆ ಮಾರೋಕೆ ಯಾರಿಗೂ ಅನುಮತಿ ಇಲ್ಲ, ಮಾರಿದರೆ ಹಕ್ಕುಸ್ವಾಮ್ಯ ಉಲ್ಲಂಘನೆ ಅಂತ ಪರಿಗಣಿಸ್ತೀವಿ ಅಂತ. ನ್ಯೂಯಾರ್ಕಿನ ಮೇಸೀಸ್ ಅಂಗಡಿಯವರು ಅದನ್ನು 89 ಸೆಂಟ್‌ಗೆ ಮಾರಿದರು. ಕೇಸ್ ಆಯಿತು. 1908ರಲ್ಲಿ ಕೋರ್ಟ್ ಹೇಳಿದ ಮಾತಿನ ಸಾರ ಇಷ್ಟು: ಒಂದು ಸಲ ಮಾರಿದ ಮೇಲೆ ಆ ಪ್ರತಿಯನ್ನು ಮುಂದೆ ಎಷ್ಟಕ್ಕೆ ಮಾರಬೇಕು ಅಂತ ಹೇಳೋ ಅಧಿಕಾರ ಪ್ರಕಾಶಕರಿಗೆ ಇಲ್ಲ.

ವಿಡಿಯೋ ಗೇಮ್‌ಗಳ ಸೆಕೆಂಡ್ ಹ್ಯಾಂಡ್ ವ್ಯಾಪಾರ ಅಮೆರಿಕದಲ್ಲಿ ಬೆಳೆದದ್ದು ಇದೇ ನ್ಯಾಯದ ನೆರಳಲ್ಲಿ. ಗೇಮ್‌ಸ್ಟಾಪ್ ಅನ್ನೋ ಅಂಗಡಿ ಸರಣಿಗೆ ಹಳೇ ಡಿಸ್ಕ್ ಕೊಂಡು ಮಾರೋದೇ ದೊಡ್ಡ ಲಾಭದ ದಾರಿಯಾಗಿತ್ತು. ಜಪಾನಿನಲ್ಲಿ ಗೇಮ್ ಕಂಪನಿಗಳು ಇದನ್ನು ನಿಲ್ಲಿಸೋಕೆ ಕೋರ್ಟಿಗೆ ಹೋದವು. 2002ರ ಏಪ್ರಿಲ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೂಡ ಹಳೇ ಡಿಸ್ಕ್ ಮಾರೋ ಅಂಗಡಿಗಳ ಪರವಾಗಿ ತೀರ್ಪು ಕೊಟ್ಟಿತು.

ಈಗ ನಿಜವಾದ ಬೆಲೆಯ ಲೆಕ್ಕ ಹಾಕೋಣ. ₹4,999 ಕೊಟ್ಟು ಡಿಸ್ಕ್ ತಗೊಂಡ್ರಿ, ಆಡಿ ಮುಗಿಸಿ ₹3,000ಕ್ಕೆ ಮಾರಿದ್ರಿ ಅಂದ್ಕೊಳ್ಳಿ. ನಿಮಗೆ ಆಟ ಬಿದ್ದದ್ದು ₹1,999ಕ್ಕೆ. ನಿಮ್ಮ ಹತ್ರ ಕೊಂಡವನಿಗೂ ಹೊಸದಕ್ಕಿಂತ ₹1,999 ಕಮ್ಮಿಗೆ ಸಿಕ್ತು. ಡೌನ್‌ಲೋಡ್ ಮಾಡಿದ್ರೆ? ₹4,999 ಅಂದ್ರೆ ₹4,999.

ಭಾಗ 6/10: ಡಬ್ಬಿ ಮನೆಗೆ ಬಂತು, ಬೀಗದ ಕೈ ಬರಲಿಲ್ಲ

2003ರ ಸೆಪ್ಟೆಂಬರ್‌ನಲ್ಲಿ ವಾಲ್ವ್ ಕಂಪನಿ ‘ಸ್ಟೀಮ್’ ಶುರು ಮಾಡಿತು. ಆರಂಭದಲ್ಲಿ ಅದು ಅಂಗಡಿಯೇ ಅಲ್ಲ, ತಮ್ಮ ಆಟಗಳಿಗೆ ಅಪ್‌ಡೇಟ್ ಕಳಿಸೋ ಸಾಧನ. 2004ರ ನವೆಂಬರ್‌ನಲ್ಲಿ ‘ಹಾಫ್-ಲೈಫ್ 2’ ಬಂದಾಗ ವಿಷಯ ಬದಲಾಯಿತು. ಅಂಗಡಿಯಿಂದ ಡಬ್ಬಿ ತಂದು, ಡಿಸ್ಕ್ ಹಾಕಿದರೂ ಆಟ ಶುರುವಾಗಲಿಲ್ಲ. ಇಂಟರ್ನೆಟ್ ಬೇಕು, ಸ್ಟೀಮ್ ಅಕೌಂಟ್ ಬೇಕು, ಆ ಡಬ್ಬಿಯಲ್ಲಿದ್ದ ಸಂಕೇತ ಸಂಖ್ಯೆಯನ್ನು ಆ ಅಕೌಂಟಿಗೆ ಕಟ್ಟಿಹಾಕಬೇಕು. ಒಮ್ಮೆ ಕಟ್ಟಿದ ಮೇಲೆ ಡಿಸ್ಕನ್ನು ಇನ್ನೊಬ್ಬರಿಗೆ ಕೊಟ್ಟರೆ ಅದು ಬರೀ ಹೊಳೆಯೋ ಪ್ಲಾಸ್ಟಿಕ್.

ನನ್ನ ಪ್ರಕಾರ ಇಡೀ ಇತಿಹಾಸದ ತಿರುವು ಇದೇ. ವಸ್ತು ಒಂದು ಕಡೆ, ಹಕ್ಕು ಇನ್ನೊಂದು ಕಡೆ ಅಂತ ಬೇರೆಯಾದದ್ದು ಇಲ್ಲಿ.

ಆದರೆ ಸ್ಟೀಮ್‌ನಿಂದ ಒಳ್ಳೇದೂ ಆಯ್ತು, ಅದನ್ನು ಹೇಳದಿದ್ದರೆ ತಪ್ಪಾಗುತ್ತೆ. ಡಿಸ್ಕ್ ಒತ್ತಿಸೋಕೆ, ಅಂಗಡಿಯ ಕಪಾಟಿನಲ್ಲಿ ಜಾಗ ಹಿಡಿಯೋಕೆ ದುಡ್ಡಿಲ್ಲದ ಸಣ್ಣ ತಂಡಗಳು, ಒಬ್ಬಿಬ್ಬರೇ ಕೂತು ಆಟ ಬರೆಯೋರು, ಪ್ರಪಂಚಕ್ಕೆಲ್ಲಾ ಮಾರೋ ಹಾಗಾಯಿತು. ‘ಸ್ಟಾರ್ಡ್ಯೂ ವ್ಯಾಲಿ’ಯನ್ನು ಮಾಡಿದ್ದು ಒಬ್ಬನೇ ವ್ಯಕ್ತಿ, 2016ರಲ್ಲಿ ಅದು ಬಂದದ್ದು ಡೌನ್‌ಲೋಡ್ ಆಗಿಯೇ. 2015ರಿಂದ ಸ್ಟೀಮ್‌ನಲ್ಲಿ ರೂಪಾಯಿಯಲ್ಲೇ ಬೆಲೆ ಕಾಣೋಕೆ ಶುರುವಾಯಿತು. ಎಷ್ಟೋ ಆಟಗಳು ಡಾಲರ್ ಲೆಕ್ಕಕ್ಕಿಂತ ಕಮ್ಮಿಗೆ ಸಿಕ್ಕವು. ಬೇಸಿಗೆ ಸೇಲ್, ಚಳಿಗಾಲದ ಸೇಲ್ ಬಂದ್ರೆ ಪಾಕೆಟ್ ಮನಿಯಲ್ಲೂ ಎರಡು ಆಟ ಬರುತ್ತೆ, ಅಲ್ವಾ?

ಪಿಸಿಯಲ್ಲಿ ಮಾತ್ರ ಹೀಗೆ ಆಗೋಕೆ ಒಂದು ಕಾರಣ ಇದೆ. ಪಿಸಿ ಯಾರ ಮನೆ ಆಸ್ತಿಯೂ ಅಲ್ಲ, ಅದರ ಮೇಲೆ ಯಾರು ಬೇಕಾದರೂ ಅಂಗಡಿ ತೆರೆಯಬಹುದು. ಸ್ಟೀಮ್ ಸಾಮಾನ್ಯವಾಗಿ ಮಾರಾಟದ 30% ಇಟ್ಟುಕೊಳ್ಳುತ್ತೆ. 2018ರ ಡಿಸೆಂಬರ್‌ನಲ್ಲಿ ಎಪಿಕ್ ಕಂಪನಿ ‘ನಾವು 12% ಸಾಕು’ ಅಂತ ಎದುರಿಗೇ ಅಂಗಡಿ ಹಾಕಿತು. ಕನ್ಸೋಲ್‌ನಲ್ಲಿ ಈ ಅವಕಾಶ ಇಲ್ಲ. ಅಲ್ಲಿ ಊರಿಗೆಲ್ಲಾ ಒಂದೇ ಅಂಗಡಿ.

ಭಾಗ 7/10: 2013ರ ಜೂನ್, ಜನ ಗೆದ್ದ ವಾರ

ಫೋಟೋದಲ್ಲಿರೋದು ಎಕ್ಸ್‌ಬಾಕ್ಸ್ ಒನ್. 2013ರಲ್ಲಿ ಮೈಕ್ರೋಸಾಫ್ಟ್ ಇದನ್ನು ತರುವಾಗ ಹಾಕಿದ್ದ ಯೋಜನೆ ಕೇಳಿ. ಡಿಸ್ಕ್ ಕೊಂಡರೂ ಆಟ ನಿಮ್ಮ ಅಕೌಂಟಿಗೆ ಅಂಟಿಕೊಳ್ಳುತ್ತೆ. ಯಂತ್ರ 24 ಗಂಟೆಗೊಮ್ಮೆ ಇಂಟರ್ನೆಟ್‌ನಲ್ಲಿ ಹಾಜರಿ ಹಾಕಬೇಕು, ಇಲ್ಲದಿದ್ದರೆ ಆಡೋಕಾಗಲ್ಲ. ಹಳೇ ಡಿಸ್ಕ್ ಮಾರೋದು, ಕೊಡೋದು ಎಲ್ಲಾ ಕಂಪನಿಗಳ ಷರತ್ತಿನ ಪ್ರಕಾರ.

ಅದೇ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಇ3 ಮೇಳದಲ್ಲಿ ಸೋನಿ, ಪಿಎಸ್4ನಲ್ಲಿ ಇಂಥ ನಿರ್ಬಂಧ ಯಾವುದೂ ಇಲ್ಲ ಅಂತ ವೇದಿಕೆಯ ಮೇಲೇ ಹೇಳಿತು. ಸಭಾಂಗಣದಲ್ಲಿ ಚಪ್ಪಾಳೆಯೋ ಚಪ್ಪಾಳೆ. ಜೊತೆಗೆ ‘ಪಿಎಸ್4ನಲ್ಲಿ ಆಟ ಹಂಚಿಕೊಳ್ಳೋದು ಹೇಗೆ’ ಅಂತ ಅರ್ಧ ನಿಮಿಷವೂ ಇಲ್ಲದ ವಿಡಿಯೋ ಬಿಟ್ಟರು. ಅದರಲ್ಲಿ ಒಬ್ಬರು ಡಿಸ್ಕ್ ಡಬ್ಬಿಯನ್ನು ಪಕ್ಕದವರ ಕೈಗೆ ಕೊಡ್ತಾರೆ. ಅಷ್ಟೇ, ವಿಡಿಯೋ ಮುಗೀತು! ಬೆಲೆಯಲ್ಲೂ ಎಕ್ಸ್‌ಬಾಕ್ಸ್ 499 ಡಾಲರ್, ಪಿಎಸ್4 399 ಡಾಲರ್.

ಜನರ ಸಿಟ್ಟು ಎಷ್ಟಿತ್ತು ಅಂದ್ರೆ ಜೂನ್ 19ಕ್ಕೆ ಮೈಕ್ರೋಸಾಫ್ಟ್ ತನ್ನ ನಿಯಮಗಳನ್ನೇ ವಾಪಸ್ ತಗೊಂಡಿತು.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ಎದುರಿನಿಂದ ಬಂದಾಗ ತಡೆದ ಜನ, ಹಿಂಬಾಗಿಲಿನಿಂದ ಬಂದಾಗ ಸ್ವಾಗತ ಮಾಡಿದರು. ಮಳೆ ಬರ್ತಿದೆ, ಅಂಗಡಿಗೆ ಯಾರು ಹೋಗ್ತಾರೆ? ಡಿಸ್ಕ್ ಬದಲಾಯಿಸೋಕೆ ಯಾರು ಏಳ್ತಾರೆ? ರಾತ್ರಿ ಹನ್ನೆರಡಕ್ಕೇ ಆಟ ಶುರು ಮಾಡಬೇಕು. ಹೀಗೆ ಅನುಕೂಲಕ್ಕೆ ಅನುಕೂಲ ಸೇರಿ, ಇತ್ತೀಚಿನ ವರ್ಷಗಳಲ್ಲಿ ಸೋನಿಯ ವರದಿಗಳ ಪ್ರಕಾರವೇ ಪಿಎಸ್4, ಪಿಎಸ್5ನ ಪೂರ್ಣ ಆಟಗಳಲ್ಲಿ ಹತ್ತಕ್ಕೆ ಏಳರಷ್ಟು ಡೌನ್‌ಲೋಡ್ ಆಗಿ ಮಾರಾಟವಾಗುತ್ತಿವೆ. 2013ರಲ್ಲಿ ಚಪ್ಪಾಳೆ ತಟ್ಟಿಸಿಕೊಂಡ ಕಂಪನಿಯೇ 2020ರಲ್ಲಿ ಡಿಸ್ಕ್ ಇಲ್ಲದ ಯಂತ್ರ ತಂದದ್ದು ಇದೇ ಧೈರ್ಯದ ಮೇಲೆ.

ಭಾಗ 8/10: ಹಾಗಾದ್ರೆ ರೇಟ್ ಯಾಕೆ ಇಳಿಯಲಿಲ್ಲ?

ನಾಲ್ಕನೇ ಭಾಗದ ಸೂತ್ರ ನೆನಪಿದೆಯಾ? ಪೈಪೋಟಿ ಇದ್ದರೆ ಮಾತ್ರ ಖರ್ಚಿನ ಇಳಿಕೆ ನಮ್ಮ ಕೈಗೆ ಬರುತ್ತೆ. ಈಗ ಕಾರಣಗಳನ್ನು ಒಂದೊಂದಾಗಿ ನೋಡೋಣ.

ಒಂದು, ಅಂಗಡಿಯವರ ಮುಲಾಜು. ಯಂತ್ರ ಮಾರೋಕೆ ಅಂಗಡಿಗಳು ಬೇಕೇ ಬೇಕು. ಡೌನ್‌ಲೋಡ್‌ಗೆ ಕಮ್ಮಿ ರೇಟ್ ಇಟ್ಟು ಅವರ ಡಿಸ್ಕ್ ವ್ಯಾಪಾರ ಕೆಡಿಸಿದರೆ ಅವರು ಯಂತ್ರಕ್ಕೆ ಕಪಾಟಿನಲ್ಲಿ ಜಾಗ ಕೊಡ್ತಾರಾ?

ಎರಡು, ಉಳಿದ ದುಡ್ಡು ಬೇರೆ ಜೇಬಿಗೆ ಹೋಯ್ತು. ಡಿಸ್ಕ್, ಸಾಗಣೆ, ಅಂಗಡಿಗೆ ಹೋಗ್ತಿದ್ದ ಪಾಲಿನ ಜಾಗದಲ್ಲಿ ಆನ್‌ಲೈನ್ ಸ್ಟೋರ್‌ನ 30% ಬಂದು ಕೂತಿತು.

ಮೂರು, ಒಂದೇ ಅಂಗಡಿ. 2019ರ ಏಪ್ರಿಲ್ 1ರ ತನಕ ಅಮೆರಿಕದಲ್ಲಿ ಬೇರೆ ಅಂಗಡಿಗಳೂ ಪ್ಲೇಸ್ಟೇಷನ್ ಆಟಗಳ ಡೌನ್‌ಲೋಡ್ ಕೋಡ್ ಮಾರುತ್ತಿದ್ದವು, ತಮ್ಮದೇ ರಿಯಾಯಿತಿಯನ್ನೂ ಕೊಡಬಹುದಿತ್ತು. ಆ ದಿನದಿಂದ ಸೋನಿ ಪೂರ್ಣ ಆಟಗಳ ಕೋಡ್ ಕೊಡೋದನ್ನು ನಿಲ್ಲಿಸಿತು. ಇನ್ನೇನಿದ್ದರೂ ಸೋನಿಯ ಸ್ಟೋರ್‌ನಲ್ಲೇ ಕೊಳ್ಳಬೇಕು.

ನಾಲ್ಕು, ಸೆಕೆಂಡ್ ಹ್ಯಾಂಡ್ ಇಲ್ಲ. ಹಳೇ ಡಿಸ್ಕ್ ಅಗ್ಗಕ್ಕೆ ಸಿಗುತ್ತೆ ಅನ್ನೋ ಹೆದರಿಕೆಯೇ ಹೊಸ ಡಿಸ್ಕ್‌ನ ಬೆಲೆಯನ್ನೂ ಕೆಳಗೆ ಎಳೆಯುತ್ತಿತ್ತು. ಡೌನ್‌ಲೋಡ್‌ಗೆ ಆ ಹೆದರಿಕೆ ಇಲ್ಲ.

ಕಂಪನಿಗಳ ಕಡೆಯ ಮಾತನ್ನೂ ಕೇಳಬೇಕು. 2005ರ ಆಸುಪಾಸಿನಲ್ಲಿ 60 ಡಾಲರ್ ಆದ ದೊಡ್ಡ ಆಟಗಳ ಬೆಲೆ 2020ರ ತನಕ ಅಲ್ಲೇ ನಿಂತಿತ್ತು, ಆಮೇಲೆ 70 ಆಯಿತು. ಆ ಹದಿನೈದು ವರ್ಷಗಳಲ್ಲಿ ಬೇರೆ ಸಾಮಾನುಗಳ ಬೆಲೆ ಏರಿದ್ದನ್ನು ನೋಡಿದರೆ ಆಟ ನಿಜವಾಗಿ ಅಗ್ಗವೇ ಆಗಿತ್ತು. ಆಟ ಮಾಡೋ ಖರ್ಚು ಮಾತ್ರ ಎಷ್ಟೋ ಪಟ್ಟು ಬೆಳೆಯಿತು. ಇದು ನ್ಯಾಯವಾದ ವಾದ. ಆದರೆ ಅದರಿಂದ ಡಿಸ್ಕ್‌ಗೂ ಡೌನ್‌ಲೋಡ್‌ಗೂ ಒಂದೇ ಬೆಲೆ ಯಾಕೆ ಅನ್ನೋದಕ್ಕೆ ಉತ್ತರ ಸಿಗಲ್ಲ.

ಬೇರೆ ಬೇರೆ ಬೆಲೆ ಇಡೋಕೆ ಆಗುತ್ತೆ ಅನ್ನೋದಕ್ಕೆ ಸಾಕ್ಷಿ ಇದೆ. 2023ರ ಅಕ್ಟೋಬರ್‌ನಲ್ಲಿ ‘ಅಲನ್ ವೇಕ್ 2’ ಡೌನ್‌ಲೋಡ್ ಆಗಿ ಮಾತ್ರ ಬಂತು, ಕನ್ಸೋಲ್‌ನಲ್ಲಿ 60 ಡಾಲರ್. ಡಿಸ್ಕ್ ಬಿಟ್ಟದ್ದರಿಂದ ಬೆಲೆ ಕಮ್ಮಿ ಇಡೋಕಾಯ್ತು ಅಂತ ಮಾಡಿದವರೇ ಹೇಳಿದರು. 2025ರ ಜೂನ್‌ನಲ್ಲಿ ‘ಮಾರಿಯೊ ಕಾರ್ಟ್ ವರ್ಲ್ಡ್’ ಬಂದಾಗ ಜಪಾನಿನಲ್ಲಿ ಡೌನ್‌ಲೋಡ್‌ಗೆ 8,980 ಯೆನ್, ಕಾರ್ಡ್‌ಗೆ 9,980 ಯೆನ್ ಇಟ್ಟರು. ಅಮೆರಿಕದಲ್ಲಿ ಮಾತ್ರ ಎರಡಕ್ಕೂ ಸುಮಾರು 80 ಡಾಲರ್. ಒಂದೇ ಕಂಪನಿ, ಒಂದೇ ಆಟ!

ಭಾಗ 9/10: ಬಾಗಿಲು ಮುಚ್ಚಿದ ಮೇಲೆ

ಬೆಲೆ ಬಿಡಿ, ಕೊಂಡ ಆಟ ಎಷ್ಟು ದಿನ ಉಳಿಯುತ್ತೆ? 2014ರ ಆಗಸ್ಟ್‌ನಲ್ಲಿ ‘ಪಿ.ಟಿ.’ ಅನ್ನೋ ಸಣ್ಣ ಭಯಾನಕ ಆಟವನ್ನು ಪಿಎಸ್4ಗೆ ಉಚಿತವಾಗಿ ಬಿಟ್ಟಿದ್ದರು. 2015ರಲ್ಲಿ ಅದನ್ನು ಸ್ಟೋರ್‌ನಿಂದ ತೆಗೆದುಹಾಕಿದರು. ಮೊದಲು ಇಳಿಸಿಕೊಂಡಿದ್ದವರೂ ಮತ್ತೆ ಡೌನ್‌ಲೋಡ್ ಮಾಡೋಕಾಗಲಿಲ್ಲ. ಜನ ಆ ಆಟ ಒಳಗಿರೋ ಯಂತ್ರವನ್ನೇ ಹೆಚ್ಚಿನ ಬೆಲೆಗೆ ಮಾರೋಕೆ ಇಟ್ಟರು!

2023ರ ಮಾರ್ಚ್ 27ರಂದು ನಿಂಟೆಂಡೊ ತನ್ನ 3ಡಿಎಸ್, ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿ ಮುಚ್ಚಿತು. ಡೌನ್‌ಲೋಡ್ ಆಗಿ ಮಾತ್ರ ಬಂದಿದ್ದ ಎಷ್ಟೋ ಆಟಗಳನ್ನು ಅಂದಿನಿಂದ ದುಡ್ಡು ಕೊಟ್ಟು ಕೊಳ್ಳೋ ದಾರಿಯೇ ಇಲ್ಲ. ಅದೇ ವರ್ಷ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ ಒಂದು ಅಧ್ಯಯನ ಪ್ರಕಟಿಸಿತು: 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ 87% ಈಗ ಮಾರುಕಟ್ಟೆಯಲ್ಲಿ ಸಿಗಲ್ಲ.

‘ಹಾಗಾದ್ರೆ ಡಿಸ್ಕ್ ಇದ್ದೋರೇ ಪುಣ್ಯವಂತರು’ ಅಂತೀರಾ? ನಿಲ್ಲಿ. 2014ರಲ್ಲಿ ಬಂದ ‘ದ ಕ್ರೂ’ ಅನ್ನೋ ಕಾರ್ ರೇಸ್ ಆಟ ನೋಡಿ. ಒಬ್ಬರೇ ಆಡಿದರೂ ಅದಕ್ಕೆ ಕಂಪನಿಯ ಸರ್ವರ್ ಬೇಕಿತ್ತು. 2024ರ ಮಾರ್ಚ್ 31ರಂದು ಯೂಬಿಸಾಫ್ಟ್ ಸರ್ವರ್ ನಿಲ್ಲಿಸಿತು. ಡೌನ್‌ಲೋಡ್ ಮಾಡಿದವರದ್ದೂ ಹೋಯ್ತು, ಡಿಸ್ಕ್ ಇದ್ದವರದ್ದೂ ಹೋಯ್ತು. 2025ರಲ್ಲಿ ಬಂದ ಸ್ವಿಚ್ 2ರ ಕೆಲವು ಆಟಗಳ ಕಾರ್ಡ್‌ನಲ್ಲಂತೂ ಆಟವೇ ಇರಲ್ಲ, ಬರೀ ಬೀಗದ ಕೈ ಇರುತ್ತೆ. ಕಾರ್ಡ್ ಹಾಕಿ, ಇಂಟರ್ನೆಟ್‌ನಿಂದ ಇಳಿಸಿಕೊಳ್ಳಬೇಕು. ಆ ಕಾರ್ಡನ್ನು ಮಾರಬಹುದು ಅನ್ನೋದೊಂದು ಸಮಾಧಾನ.

ಹಾಗಾಗಿ ಪ್ಲಾಸ್ಟಿಕ್ ಇದೆಯೋ ಇಲ್ಲವೋ ಅನ್ನೋದು ಮುಖ್ಯ ಪ್ರಶ್ನೆ ಅಲ್ಲ. ಬೀಗದ ಕೈ ಯಾರ ಹತ್ರ ಇದೆ ಅನ್ನೋದು ಮುಖ್ಯ. ಸ್ವಂತ ಮನೆಯ ರೇಟ್ ಕೊಟ್ಟು ಬಾಡಿಗೆ ಮನೆಗೆ ಹೋದ ಹಾಗಿದೆ ನಮ್ಮ ಸ್ಥಿತಿ, ಅದೂ ಅಡ್ವಾನ್ಸ್ ವಾಪಸ್ ಬರದ ಬಾಡಿಗೆ ಮನೆ. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ!

ಭಾಗ 10/10: ಈಗ ನಾವೇನು ಮಾಡೋದು?

ಜನ ಸುಮ್ಮನೆ ಕೂತಿಲ್ಲ. ಫ್ರಾನ್ಸಿನ ಗ್ರಾಹಕ ಸಂಘವೊಂದು ಸ್ಟೀಮ್ ಆಟಗಳನ್ನು ಮರುಮಾರಾಟ ಮಾಡೋ ಹಕ್ಕು ಬೇಕು ಅಂತ ಕೇಸ್ ಹಾಕಿ 2019ರಲ್ಲಿ ಪ್ಯಾರಿಸ್ ಕೋರ್ಟ್‌ನಲ್ಲಿ ಗೆದ್ದಿತು. 2022ರಲ್ಲಿ ಮೇಲಿನ ಕೋರ್ಟ್ ಆ ತೀರ್ಪನ್ನು ತಿರುಗಿಸಿತು. ಕಾಗದದ ಪುಸ್ತಕಕ್ಕೆ ಸಿಕ್ಕ ನ್ಯಾಯ ಡೌನ್‌ಲೋಡ್‌ಗೆ ಇನ್ನೂ ಸಿಕ್ಕಿಲ್ಲ. ಕ್ಯಾಲಿಫೋರ್ನಿಯಾ 2024ರಲ್ಲಿ ಒಂದು ಕಾನೂನು ಮಾಡಿತು: ಬರೀ ಪರವಾನಗಿ ಮಾರ್ತಿದ್ದರೆ, ‘ಕೊಳ್ಳಿ’ ಅನ್ನೋ ಬಟನ್ ಹಾಕೋ ಮುಂಚೆ ಅದನ್ನು ಸ್ಪಷ್ಟವಾಗಿ ತಿಳಿಸಬೇಕು. ಇವತ್ತು ಸ್ಟೀಮ್‌ನಲ್ಲಿ ದುಡ್ಡು ಕಟ್ಟೋ ಪುಟದಲ್ಲಿ ಇಂಥ ಸಾಲು ಕಾಣಿಸುತ್ತೆ, ಗಮನಿಸಿ. ‘ದ ಕ್ರೂ’ ಮುಚ್ಚಿದ ಸಿಟ್ಟಿನಲ್ಲಿ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಅಭಿಯಾನದ ಯುರೋಪಿನ ಮನವಿಗೆ 2025ರ ಜುಲೈನಲ್ಲಿ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು.

ಬೇರೆ ದಾರಿಯೂ ಇದೆ ಅಂತ ತೋರಿಸಿದವರು ಪೋಲೆಂಡಿನವರು. ಅಲ್ಲಿನ ಸಿಡಿ ಪ್ರಾಜೆಕ್ಟ್ ಕಂಪನಿ 1999ರಲ್ಲಿ ‘ಬಾಲ್ಡರ್ಸ್ ಗೇಟ್’ ಆಟವನ್ನು ಪೋಲಿಷ್ ಭಾಷೆಯಲ್ಲಿ ತಂದಾಗ ಎಲ್ಲೆಲ್ಲೂ ಕಳ್ಳಪ್ರತಿಗಳ ಹಾವಳಿ. ಅವರು ಏನು ಮಾಡಿದರು ಗೊತ್ತಾ? ಡಬ್ಬಿಯೊಳಗೆ ನಕ್ಷೆ, ನಿಯಮಗಳ ಪುಸ್ತಕ, ಸಂಗೀತದ ಸಿಡಿ ಎಲ್ಲಾ ತುಂಬಿಸಿ, ಕಳ್ಳಪ್ರತಿಯಲ್ಲಿ ಸಿಗದ್ದನ್ನು ಕೊಟ್ಟರು. ಮೊದಲ ದಿನವೇ 18,000 ಪ್ರತಿ ಮಾರಾಟವಾಯಿತು. 2008ರಲ್ಲಿ ಅದೇ ಕಂಪನಿ ‘ಗಾಗ್’ ಅನ್ನೋ ಆನ್‌ಲೈನ್ ಅಂಗಡಿ ತೆರೆಯಿತು. ಅಲ್ಲಿ ಕೊಂಡ ಆಟದ ಫೈಲ್‌ಗೆ ಬೀಗ ಇಲ್ಲ. ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಂಡರೆ ಅಂಗಡಿ ಮುಚ್ಚಿದರೂ ಆಟ ನಿಮ್ಮ ಹತ್ರ ಇರುತ್ತೆ. ಡೌನ್‌ಲೋಡ್ ಅಂದ ಮಾತ್ರಕ್ಕೆ ಕೈ ಖಾಲಿ ಆಗಲೇಬೇಕು ಅಂತೇನಿಲ್ಲ ಅನ್ನೋದಕ್ಕೆ ಇದು ಸಾಕ್ಷಿ.

ಮುಂದಿನ ಸಲ ಆಟ ಕೊಳ್ಳೋ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ.

1. ಆಡಿ ಮುಗಿಸಿದ ಮೇಲೆ ಇದನ್ನು ಮಾರಬಹುದಾ? ಮಾರಬಹುದಾದರೆ ಆ ದುಡ್ಡು ಕಳೆದು ಉಳಿದದ್ದೇ ನಿಜವಾದ ಬೆಲೆ. ಕನ್ಸೋಲ್‌ನಲ್ಲಿ ಒಂದೇ ರೇಟ್ ಇದ್ದರೆ ಡಿಸ್ಕ್ ಅಗ್ಗ, ಡೌನ್‌ಲೋಡ್ ದುಬಾರಿ.

2. ಇಂಟರ್ನೆಟ್ ಇಲ್ಲದೆ ಇದು ಓಡುತ್ತಾ? ಡಬ್ಬಿಯ ಮೇಲಿನ ಸಣ್ಣ ಅಕ್ಷರ ಓದಿ. ಓಡಲ್ಲ ಅಂದ್ರೆ ನೀವು ಕೊಡ್ತಿರೋದು ಬಾಡಿಗೆ. ಬಾಡಿಗೆಗೆ ತಕ್ಕ ರೇಟ್ ಬರೋ ತನಕ, ಅಂದ್ರೆ ಸೇಲ್ ಬರೋ ತನಕ ಕಾಯಿರಿ.

3. ಇದನ್ನು ಮಾರೋಕೆ ಇನ್ನೊಂದು ಅಂಗಡಿ ಇದೆಯಾ? ಇದ್ದರೆ ಹೋಲಿಸಿ ನೋಡಿ. ಇಲ್ಲದಿದ್ದರೆ ರೇಟ್ ಹೇಳೋರು ಅವರೇ, ಬಾಗಿಲು ಮುಚ್ಚೋರೂ ಅವರೇ.

ಒಂದು ಪುಸ್ತಕದ 11 ಸೆಂಟ್ ವ್ಯತ್ಯಾಸಕ್ಕೆ ಹೂಡಿದ ಕೇಸ್‌ನಿಂದ ಅಮೆರಿಕದಲ್ಲಿ ನೂರು ವರ್ಷ ಬಾಳೋ ಹಕ್ಕೊಂದು ಗಟ್ಟಿಯಾಯಿತು. ನಮ್ಮ ₹4,999ಕ್ಕೆ ಏನು ಬರುತ್ತೆ ಅಂತ ಕೇಳೋದರಲ್ಲಿ ತಪ್ಪೇನಿಲ್ಲ.

ಸರಣಿ ಇಷ್ಟವಾದರೆ ಸೇವ್ ಮಾಡಿಟ್ಟುಕೊಳ್ಳಿ, ಡಿಜಿಟಲ್ ಮಾದರಿ ತಗೋಬೇಕು ಅಂತಿರೋ ಗೆಳೆಯ ಗೆಳತಿಯರಿಗೆ ಕಳಿಸಿ.

#ಗೇಮ್_ಇತಿಹಾಸ #ಡಿಸ್ಕ್_ವರ್ಸಸ್_ಡೌನ್‌ಲೋಡ್ #ಕನ್ನಡದಲ್ಲಿ_ಗೇಮಿಂಗ್